ಕಣ್ಣಿನ ಉರಿಗೂ ಒಂದು ಗಡುವಿದೆ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಥೈರಾಯ್ಡ್ ಕಣ್ಣಿನ ಕಾಯಿಲೆಯವರಿಗೆ ಬೇಕಾದ ಪರೀಕ್ಷೆ ಸಕಾಲಕ್ಕೆ ಸಿಗದಿರುವ ಬಗ್ಗೆ.

ಮಾನ್ಯರೇ,

ನಮ್ಮ ಅಕ್ಕ ತಾಲ್ಲೂಕು ಊರಿನಲ್ಲಿ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಾಳೆ. ಕಳೆದ ಯುಗಾದಿ ಹೊತ್ತಿಗೆ ಥೈರಾಯ್ಡ್ ಹೆಚ್ಚಾಗಿದೆಯೆಂದು ಮಾತ್ರೆ ಶುರುವಾಯಿತು. ಶ್ರಾವಣದಲ್ಲಿ ರೆಪ್ಪೆ ಊದಿ ಕಣ್ಣುಗುಡ್ಡೆಗಳು ಮುಂದೆ ಬಂದವು. “ಯಾಕಮ್ಮ ಹಂಗೆ ಗುರಾಯಿಸ್ತೀಯ?” ಎಂದು ಗಿರಾಕಿಗಳೇ ಕೇಳತೊಡಗಿದರು. ದಸರೆಗೆ ಒಂದು ಸೂಜಿ ಎರಡಾಗಿ ಕಂಡಿತು. ದಾರವನ್ನು ಯಾವ ಸೂಜಿಗೆ ಪೋಣಿಸಬೇಕೆಂದು ತಿಳಿಯದೆ ಮಿಷನ್ನಿಗೆ ಬಟ್ಟೆ ಹೊದಿಸಿಟ್ಟಳು.

ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಕೊಟ್ಟರು. ಜಿಲ್ಲಾ ಕೇಂದ್ರದಲ್ಲಿ ಕಣ್ಣಿನ ಡಾಕ್ಟರು ಥೈರಾಯ್ಡ್ ಡಾಕ್ಟರ ಕಡೆಗೂ ಅವರು ಇವರ ಕಡೆಗೂ ಕೈ ತೋರಿಸಿದರು. ಸಿ.ಟಿ. ಮಾಡಿಸಿದೆವು. ಕಣ್ಣು ಹೊರಳಿಸುವ ಸ್ನಾಯುಗಳು ದಪ್ಪಗಾಗಿವೆ ಎಂದು ಬಂತು. ಆ ದಪ್ಪ ಈಗಿನ ಉರಿಯೂತವೋ, ಆರಿಹೋದ ಉರಿಯ ಕಲೆಯೋ ಎಂಬುದು ಅದರಿಂದ ತಿಳಿಯಲಿಲ್ಲ.

ಚಿಕಿತ್ಸೆಯೆಲ್ಲ ನಿಂತಿರುವುದು ಇದೊಂದೇ ಪ್ರಶ್ನೆಯ ಮೇಲೆ. ಥೈರಾಯ್ಡ್ ಹೆಚ್ಚಿಸುವ ಗ್ರೇವ್ಸ್ ಕಾಯಿಲೆಯಲ್ಲಿ ದೇಹದ ಕಾವಲು ಪಡೆ ದೇಹದ ಮೇಲೆಯೇ ತಿರುಗಿಬೀಳುತ್ತದೆ. ಕಣ್ಣಿನ ಹಿಂದಿನ ಕೊಬ್ಬು, ಸ್ನಾಯುಗಳು ಕೆಲವು ತಿಂಗಳಿಂದ ಎರಡು ಮೂರು ವರ್ಷದವರೆಗೆ ಉರಿದು, ತಾವಾಗಿ ಆರುತ್ತವೆ. ಉರಿಯುವಾಗ ವಾರಕ್ಕೊಮ್ಮೆಯಂತೆ 12 ವಾರ ರಕ್ತನಾಳಕ್ಕೆ ಸ್ಟೀರಾಯ್ಡ್ ಕೊಟ್ಟರೆ ಫಲವುಂಟು. ಆರಿದ ಮೇಲೆ ಕೊಟ್ಟರೆ ಅಡ್ಡಪರಿಣಾಮವಷ್ಟೇ ಲಾಭ. ಆಗ ಉಳಿಯುವ ದಾರಿ ಶಸ್ತ್ರಚಿಕಿತ್ಸೆ.

ಉರಿ ಇದೆಯೇ ಎಂದು ನೋಡಲು ಮೊದಲಿಗೆ ಯಂತ್ರವೇ ಬೇಡ. ಕಣ್ಣಿನ ಹಿಂದೆ ನೋವು, ಹೊರಳಿಸಿದಾಗ ನೋವು, ರೆಪ್ಪೆಯ ಕೆಂಪು, ರೆಪ್ಪೆಯ ಊತ, ಬಿಳಿಗುಡ್ಡೆಯ ಕೆಂಪು, ಅದರ ಪೊರೆಯ ಊತ, ಮೂಗಿನ ಕಡೆಯ ಮೂಲೆಯ ಊತ: ಈ ಏಳರಲ್ಲಿ ಮೂರಿದ್ದರೆ ಕಾಯಿಲೆ ಸಕ್ರಿಯವೆಂದು ಲೆಕ್ಕ. ಇದನ್ನು ಎಣಿಸಲು ಐದು ನಿಮಿಷ ಸಾಕು. ಅಕ್ಕನಿಗೆ ಎಣಿಸಿದ್ದು ದೀಪಾವಳಿ ಕಳೆದು, ಬೆಂಗಳೂರಿನಲ್ಲಿ. ಲೆಕ್ಕ ಎರಡಕ್ಕೆ ನಿಂತಿತು. ಆದರೆ ಎರಡೆರಡಾಗಿ ಕಾಣುವುದು ಹೆಚ್ಚುತ್ತಲೇ ಇತ್ತು. ಅನುಮಾನ ಬಗೆಹರಿಯಲೆಂದು ಅಲ್ಲಿನ ಡಾಕ್ಟರು ನ್ಯೂಕ್ಲಿಯರ್ ಸ್ಕ್ಯಾನ್ ಬರೆದರು.

ಟೆಕ್ನೀಷಿಯಂ ಎಂಬ ವಿಕಿರಣ ಧಾತುವನ್ನು ಡಿಟಿಪಿಎ ಎಂಬ ಮದ್ದಿಗೆ ಸೇರಿಸಿ ಕೈಗೆ ಚುಚ್ಚುತ್ತಾರೆ. ಉರಿಯೂತವಿದ್ದಲ್ಲಿ ಸಣ್ಣ ರಕ್ತನಾಳಗಳು ಸೋರುವುದರಿಂದ ಮದ್ದು ಅಲ್ಲಿ ಹೆಚ್ಚು ನಿಲ್ಲುತ್ತದೆ. ತಲೆಯ ಸುತ್ತ ತಿರುಗುವ ಸ್ಪೆಕ್ಟ್ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಕಿಡ್ನಿ ಸ್ಕ್ಯಾನಿಗೆ ಬಳಸುವುದೂ ಇದೇ ಮದ್ದು. ಆದರೂ ಕೌಂಟರಿನಲ್ಲಿ “ಕಿಡ್ನಿಗಾದ್ರೆ ಕೋಡ್ ಇದೆ, ಕಣ್ಣಿಗಿಲ್ಲ” ಎಂದು ಸರ್ಕಾರದ ಆರೋಗ್ಯ ಕಾರ್ಡು ಹಿಂದಕ್ಕೆ ಕೊಟ್ಟರು. ಹಣ ಹೊಂದಿಸಲು ಮೂರು ವಾರ ಹಿಡಿಯಿತು.

ಕೊನೆಗೆ ರಾತ್ರಿ ಬಸ್ಸು ಹಿಡಿದು ಹೋದರೆ, ಬೆಳಿಗ್ಗೆ “ಜನರೇಟರ್ ಬಂದಿಲ್ಲ” ಎಂದರು. “ಕರೆಂಟ್ ಇದೆಯಲ್ಲ ಸಾರ್?” ಎಂದೆ. ಅವರು ನಕ್ಕು ವಿವರಿಸಿದರು. ಅದು ಮಾಲಿಬ್ಡಿನಂ ತುಂಬಿದ ಪಾತ್ರೆಯಂತೆ. ಅದರಿಂದ ಟೆಕ್ನೀಷಿಯಂ ಇಳಿಸಿಕೊಳ್ಳುವುದಕ್ಕೆ ‘ಹಾಲು ಕರೆಯುವುದು’ ಎನ್ನುತ್ತಾರಂತೆ. ಮಾಲಿಬ್ಡಿನಂ 66 ಗಂಟೆಗೆ ಅರ್ಧವಾಗುತ್ತದೆ, ಟೆಕ್ನೀಷಿಯಂ 6 ಗಂಟೆಗೇ. ಕೂಡಿಡಲಾಗದ ಸರಕು ಎಂಬುದನ್ನು ಒಪ್ಪುತ್ತೇನೆ. ಹಸು ಬಂದಿಲ್ಲವೆಂದು ಹಿಂದಿನ ದಿನ ಒಂದು ಫೋನ್ ಮಾಡಲು ಯಾವ ಅಡ್ಡಿಯಿತ್ತು?

ಸಂಕ್ರಾಂತಿಯ ನಂತರ ಸ್ಕ್ಯಾನ್ ಆಯಿತು. ಎರಡೂ ಕಣ್ಣಿನಲ್ಲಿ ಉರಿಯಿತ್ತು. ಸ್ಟೀರಾಯ್ಡಿಗೆ ಊತ ಇಳಿದಿದೆ. ಎರಡಾಗಿ ಕಾಣುವುದು ಪೂರ್ತಿ ಹೋಗಿಲ್ಲ. ಬೇಗ ಶುರುಮಾಡಿದ್ದರೆ ಹೋಗುತ್ತಿತ್ತೇ ಎಂದರೆ ಡಾಕ್ಟರೂ ಖಚಿತವಾಗಿ ಹೇಳಲಾರರು.

ಎಲ್ಲರಿಗೂ ಈ ಸ್ಕ್ಯಾನ್ ಬೇಕೆಂದು ನಾನು ಕೇಳುತ್ತಿಲ್ಲ. ಅನೇಕರಿಗೆ ಕಣ್ಣಿನ ಪರೀಕ್ಷೆಯೇ ಸಾಕು, ಕೆಲವರಿಗೆ ಎಂ.ಆರ್.ಐ. ಉತ್ತರ ಕೊಡುತ್ತದೆ. ನನ್ನ ಕೋರಿಕೆ ಮೂರೇ:

1. ಜಿಲ್ಲಾ ಆಸ್ಪತ್ರೆಗಳಲ್ಲಿ ಥೈರಾಯ್ಡ್ ರೋಗಿಯ ಕಣ್ಣು ಊದಿದ್ದರೆ ಆ ಏಳು ಲಕ್ಷಣ ಎಣಿಸಿ ಚೀಟಿಯಲ್ಲಿ ಬರೆಯಲಿ. ಬಣ್ಣ ಮಂಕಾಗಿ ಕಂಡರೆ, ದೃಷ್ಟಿ ಕುಗ್ಗಿದರೆ ಯಾವ ಸ್ಕ್ಯಾನಿಗೂ ಕಾಯಿಸದೆ ಅಂದೇ ದೊಡ್ಡಾಸ್ಪತ್ರೆಗೆ ಕಳಿಸಲಿ. ಕಣ್ಣಿನ ನರವೇ ಅದುಮಿಹೋಗಿರಬಹುದು.

2. ತಜ್ಞರು ಅಗತ್ಯವೆಂದು ಬರೆದುಕೊಟ್ಟಾಗ ಕಣ್ಣಿನ ಸ್ಕ್ಯಾನಿಗೂ ಕಾರ್ಡು ನಡೆಯಲಿ.

3. ಇಷ್ಟು ದಿನದೊಳಗೆ ಸ್ಕ್ಯಾನ್ ಎಂಬ ಗಡುವಿರಲಿ. ರದ್ದಾದರೆ ರೋಗಿ ಬಸ್ಸು ಹತ್ತುವ ಮೊದಲೇ ತಿಳಿಸಲಿ.

ಗಡುವೆಂಬುದು ಸರ್ಕಾರಕ್ಕೆ ಹೊಸದಲ್ಲ. 2011ರ ಸಕಾಲ ಕಾಯ್ದೆಯಡಿ ಜಾತಿ ಪ್ರಮಾಣಪತ್ರಕ್ಕೂ ಗಡುವಿದೆ. ಪತ್ರ ತಡವಾದರೆ ಜಾತಿಯೇನೂ ಬದಲಾಗದು. ಕಣ್ಣು ಬದಲಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ರೋಗಿಯೊಬ್ಬರ ತಮ್ಮ