ಮಿಲಿಟ್ರಿ ಅಜ್ಜಯ್ಯನ ಟ್ರಂಕು ತೆರೆಯೋಣ, ಹೆಸರುಗಳನ್ನು ಬರೆದಿಡೋಣ

ಅಡಿಕೆ ಕೊಳೆರೋಗದ ಬಗ್ಗೆ ಬರೆಯಲು ನಾವು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಮಳೆ ಜೋರಾಯಿತು. ಹತ್ತಿರದ ಮನೆಯ ಜಗಲಿ ಹತ್ತಿ ಕೂತೆವು. ಆ ಮನೆಯ ಹಿರಿಯರಿಗೆ 75 ದಾಟಿದೆ. ಊರಿಗೆಲ್ಲ ಅವರು 'ಮಿಲಿಟ್ರಿ ಅಜ್ಜಯ್ಯ'.

ನಾವು ಪತ್ರಿಕೋದ್ಯಮ ಓದಿದವರು ಅಂತ ಗೊತ್ತಾದ ಮೇಲೆ ಅವರು ಒಳಗಿನಿಂದ ಕಪ್ಪು ತಗಡಿನ ಟ್ರಂಕು ಎಳೆದು ತಂದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಒಳಗೆ ಡಿಸ್ಚಾರ್ಜ್ ಬುಕ್ಕು, ಎರಡು ಮೆಡಲು, ಮತ್ತೆ ಅಂಚಿನಲ್ಲಿ ಗೆದ್ದಲು ತಿಂದ ಒಂದು ಫೋಟೋ. ಫೋಟೋದಲ್ಲಿ ಐದು ಜನ ಯುವಕರು. 1971ರ ಯುದ್ಧಕ್ಕೆ ಸ್ವಲ್ಪ ಮೊದಲು ತೆಗೆಸಿದ್ದಂತೆ.

ಅಜ್ಜಯ್ಯ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೆಸರು ಹೇಳಿದರು. ತುದಿಯಲ್ಲಿ ನಿಂತವನು ಮಧುರೆ ಕಡೆಯವನು, ಆ ಡಿಸೆಂಬರಿನಲ್ಲೇ ತೀರಿಕೊಂಡ. "ಅವನಿಗೆ ನಾ ಹತ್ತು ರೂಪಾಯಿ ಕೊಡೋದಿತ್ತು ತಮ್ಮಾ. ಹಾಗೇ ಉಳೀತು" ಅಂದರು. ಪಕ್ಕದಲ್ಲಿ ನಿಂತವನು ನಮ್ಮ ತೀರ್ಥಹಳ್ಳಿ ಕಡೆಯವನು. "ರಜೆಗೆ ಇಬ್ರೂ ಒಟ್ಟಿಗೇ ಬರ್ತಿದ್ವಿ. ಬೀರೂರಲ್ಲಿ ಗಾಡಿ ಬದಲ್ಸಿ ಶಿವಮೊಗ್ಗದವರೆಗೆ ಜೊತೆ. ಅವನು ಅಲ್ಲಿ ಇಳಿದು ತೀರ್ಥಹಳ್ಳಿ ಬಸ್ ಹಿಡೀತಿದ್ದ. ನಾನು ಅದೇ ಗಾಡೀಲಿ ಆನಂದಪುರಕ್ಕೆ."

ಅವರನ್ನು ಕೊನೆಯದಾಗಿ ನೋಡಿದ್ದು ಯಾವಾಗ ಅಂತ ಕೇಳಿದೆವು. ನಲವತ್ತು ವರ್ಷದ ಮೇಲಾಯಿತಂತೆ. ವಾರಾಹಿ ಯೋಜನೆಯ ಮಾಣಿ ಅಣೆಕಟ್ಟಿನ ಹಿನ್ನೀರಿಗೆ ಅಜ್ಜಯ್ಯನ ಹಳೆ ಮನೆ ಹೋಯಿತು. ಬೇರೆ ಕಡೆ ಬಂದು ನೆಲೆಸುವ ಗಡಿಬಿಡಿಯಲ್ಲಿ ವಿಳಾಸ ಬರೆದಿಟ್ಟ ಪುಸ್ತಕವೂ ಹೋಯಿತು. ಆ ಕಡೆಯಿಂದ ಬಂದ ಕಾಗದ ಯಾವ ಮನೆಗೆ ತಲುಪಬೇಕಿತ್ತೋ ಆ ಮನೆಯೇ ಇರಲಿಲ್ಲ.

ಹುಡುಕಿ ಕೊಡುತ್ತೇವೆ ಅಂತ ನಾವು ಮಾತು ಕೊಟ್ಟೆವು. ತೀರ್ಥಹಳ್ಳಿ ಕಡೆಯ ಸ್ನೇಹಿತರಿಗೆ ಹೇಳಿದೆವು. ಅವರು ಪೋಸ್ಟ್‌ಮನ್ ಹತ್ತಿರ, ಸೊಸೈಟಿಯವರ ಹತ್ತಿರ ಕೇಳಿದರು. ನಾಲ್ಕೇ ದಿನಕ್ಕೆ ಮನೆ ಸಿಕ್ಕಿತು. ಆದರೆ ಆ ಹಿರಿಯರು ತೀರಿಕೊಂಡು ಮೂರು ವರ್ಷವಾಗಿತ್ತು.

ಅಜ್ಜಯ್ಯನ ಮನೆ ಹತ್ತಿರ ಸಿಗ್ನಲ್ ಇಲ್ಲ. ಗುಡ್ಡದ ಮೇಲಿನ ತಿರುವಿಗೆ ಕರೆದುಕೊಂಡು ಹೋಗಿ ಫೋನ್ ಮಾಡಿಸಿದೆವು. ಆ ಕಡೆ ಮಾತಾಡಿದ್ದು ಸೊಸೆ. ಅಜ್ಜಯ್ಯ ಕೇಳಿದ್ದು ಒಂದೇ ಪ್ರಶ್ನೆ: "ಮಣ್ಣಿಗೆ ನಮ್ಮವರು ಯಾರಾದ್ರೂ ಬಂದಿದ್ರೇನಮ್ಮಾ?" ಆಕೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಯಾರಿಗೆ ಹೇಳ್ಬೇಕು ಅಂತ ನಮಗೆ ಗೊತ್ತಿರ್ಲಿಲ್ಲ ಅಜ್ಜಯ್ಯ."

ಈ ಲೇಖನ ಬರೆಯುತ್ತಿರುವುದು ಆ ಒಂದು ಮಾತಿಗಾಗಿ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಇಂಥ ಹಿರಿಯರು ಇದ್ದಾರೆ. ಅವರ ಬಗ್ಗೆ ನಮಗೆ ಗೊತ್ತಿರುವುದು ಎಷ್ಟು? ಕ್ಯಾಂಟೀನಿನಿಂದ ಸಾಮಾನು ತರುತ್ತಾರೆ ಅಂತ ಗೊತ್ತು. ರಮ್ ಬಾಟಲಿ ಸಿಗುತ್ತದಾ ಅಂತ ಕೇಳುವುದು ಗೊತ್ತು. ಆಗಸ್ಟ್ 15ಕ್ಕೆ ಶಾಲೆಗೆ ಕರೆದು ಶಾಲು ಹೊದಿಸುವುದು ಗೊತ್ತು. ಯಾವ ರೆಜಿಮೆಂಟು, ಎಲ್ಲೆಲ್ಲಿ ಇದ್ದರು, ಜೊತೆಗಿದ್ದವರು ಯಾರು, ಅವರಲ್ಲಿ ಯಾರು ವಾಪಸ್ ಬರಲಿಲ್ಲ ಎಂಬುದನ್ನು ಮಾತ್ರ ಕೇಳಿದವರು ಕಡಿಮೆ.

1965ರ ಯುದ್ಧಕ್ಕೆ ಹೋದವರು ಈಗ 80ರ ಆಸುಪಾಸು. 1971ರವರು 75ರ ಆಸುಪಾಸು. 1999ರ ಕಾರ್ಗಿಲ್ ಯುದ್ಧದಲ್ಲಿ ಯುವಕರಾಗಿದ್ದವರ ತಲೆಗೂ ನರೆ ಬಂದಿದೆ. ಹಾಗಾಗಿ ಈ ಕೆಲಸವನ್ನು ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ.

ದೊಡ್ಡ ಸ್ಮಾರಕಗಳು ಇಲ್ಲವಾ ಅಂತ ಕೆಲವರು ಕೇಳಬಹುದು. ಇವೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾಯಿತು. ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು ಅಲ್ಲಿನ ಗೋಡೆಗಳ ಮೇಲಿದೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿ ಎತ್ತರದ ಒಂದೇ ಕಲ್ಲಿನ ವೀರಗಲ್ಲು ನಿಲ್ಲಿಸಿದ್ದಾರೆ. ಇವು ಬೇಕಾದವೇ. ಆದರೆ ಗೋಡೆಯ ಮೇಲೆ ಇರುವುದು ಹೆಸರು. ಆ ಮನುಷ್ಯ ಹೇಗಿದ್ದ, ಕೊನೆಯ ದಿನ ಏನು ಮಾತಾಡಿದ ಅನ್ನುವುದು ಇರುವುದು ಜೊತೆಗಿದ್ದವನ ನೆನಪಿನಲ್ಲಿ. ಅವನೂ ಹೋದರೆ ಮುಗಿಯಿತು.

ಸಿಯಾಚಿನ್ ಘಟನೆ ನಿಮಗೆ ನೆನಪಿರಬಹುದು. 2016ರ ಫೆಬ್ರುವರಿ 3ರಂದು 19ನೇ ಮದ್ರಾಸ್ ಬೆಟಾಲಿಯನ್ನಿನ ಪೋಸ್ಟ್ ಮೇಲೆ ಹಿಮ ಕುಸಿಯಿತು. ಹತ್ತು ಜನ ಸಿಕ್ಕಿಬಿದ್ದರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದೂ ಜೀವಂತವಾಗಿ ಸಿಕ್ಕಿದರು. ಇಡೀ ದೇಶ ಪ್ರಾರ್ಥನೆ ಮಾಡಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅದೇ ಪೋಸ್ಟಿನಲ್ಲಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್ ಕೂಡ ಇದ್ದರು. ಉಳಿದ ಏಳು ಜನ ತಮಿಳುನಾಡು, ಕೇರಳ, ಆಂಧ್ರ, ಮಹಾರಾಷ್ಟ್ರದವರು. ಒಂದೇ ಟೆಂಟಿನ ಬದುಕು ಹಂಚಿಕೊಂಡ ಹತ್ತು ಜನರ ಮನೆಗಳು ಐದು ರಾಜ್ಯಗಳಲ್ಲಿವೆ. ಆ ಮನೆಗಳ ನಡುವೆ ಭಾಷೆ ಬೇರೆ, ಊರು ಬೇರೆ. ಅಂಥ ಮನೆಗಳನ್ನು ಒಂದಕ್ಕೊಂದು ಕಟ್ಟಿಡಬಲ್ಲವರು ಬೆಟಾಲಿಯನ್ನಿನಲ್ಲಿ ಜೊತೆಗಿದ್ದವರು.

ದೊಡ್ಡ ದಿನಗಳಲ್ಲಿ ಕೆಲವರು ಬಿಟ್ಟುಹೋಗುತ್ತಾರೆ ಅನ್ನುವುದೂ ನಿಜ. ಜುಲೈ 26 ಕಾರ್ಗಿಲ್ ವಿಜಯ ದಿವಸ. ಡಿಸೆಂಬರ್ 16ಕ್ಕೆ 1971ರ ಗೆಲುವಿನ ನೆನಪು. ಆದರೆ 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಶಾಂತಿಪಾಲನಾ ಪಡೆಗೆ ಅಂಥ ವಿಜಯದ ದಿನ ಇಲ್ಲ. ಅಲ್ಲಿ ಸುಮಾರು 1,200 ಭಾರತೀಯ ಯೋಧರು ಸತ್ತರು. ಅಲ್ಲಿಂದ ಬಂದವರನ್ನು ಯಾವ ದಿನ ವೇದಿಕೆಗೆ ಕರೆಯಬೇಕು? ಗುಂಡಿನಿಂದಲ್ಲದೆ ರಸ್ತೆ ಅಪಘಾತದಲ್ಲಿ, ಚಳಿಯಲ್ಲಿ, ಕಾಯಿಲೆಯಲ್ಲಿ ಸೇವೆಯಲ್ಲಿದ್ದಾಗಲೇ ಸತ್ತವರು ಇದ್ದಾರೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳು ಗೃಹ ಸಚಿವಾಲಯದ ಕೆಳಗೆ ಬರುವುದರಿಂದ ಅಲ್ಲಿ ದುಡಿದವರು ಸರ್ಕಾರದ ಲೆಕ್ಕದಲ್ಲಿ 'ಮಾಜಿ ಸೈನಿಕ' ಅಲ್ಲ. ಸರ್ಕಾರದ ಲೆಕ್ಕ ಸರ್ಕಾರಕ್ಕಿರಲಿ. ಊರಿನ ಲೆಕ್ಕದಲ್ಲಿ ಇವರನ್ನೆಲ್ಲ ಬೇರೆ ಬೇರೆ ಮಾಡುವುದು ಬೇಡ.

ಊರಿನ ಲೆಕ್ಕ ಅಂದರೆ ಏನು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ನಮ್ಮ ಮೂರೂ ತಾಲ್ಲೂಕಿನಲ್ಲಿ ಗದ್ದೆ ಬದುವಿನಲ್ಲಿ, ಕೆರೆ ಏರಿಯ ಹತ್ತಿರ, ಹಳೆ ಗುಡಿಗಳ ಎದುರು ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರು ಕೂತ ವೀರ. ಅಕ್ಷರ ಇರುವ ಕಲ್ಲುಗಳಲ್ಲಿ ಅವನ ಹೆಸರು, ಊರು, ದನ ಬಿಡಿಸಲು ಹೋಗಿ ಸತ್ತನೋ ಊರು ಕಾಯಲು ಹೋಗಿ ಸತ್ತನೋ ಎಂಬುದೂ ಇರುತ್ತದೆ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ 'ನೆತ್ತರುಗೊಡಗೆ' ಅಂತ ಹೆಸರು. 1904ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಟನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನೇ ಕೊಟ್ಟಿದ್ದಾರೆ. ಆಗಿನ ನಗರ ತಾಲ್ಲೂಕೇ ಈಗಿನ ಹೊಸನಗರ.

ನೂರಾರು ವರ್ಷದ ಹಿಂದೆ ದನ ಕಾಯಲು ಹೋಗಿ ಸತ್ತವನ ಹೆಸರನ್ನು ಈಗಲೂ ಓದಬಹುದು. 1971ರಲ್ಲಿ ಗಡಿಗೆ ಹೋಗಿ ಬಂದ ಪಕ್ಕದ ಮನೆಯವರ ಕಥೆ ನಮಗೆ ಗೊತ್ತಿಲ್ಲ. ಇದು ನಾಚಿಕೆಯ ವಿಷಯ. ಸರಿಮಾಡುವುದು ಕಷ್ಟವೇನೂ ಅಲ್ಲ.

ನಾವು ಹೇಳುವುದು ಇಷ್ಟು. ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡೋಣ. ಊರಿನಿಂದ ಪಡೆಗೆ ಹೋದ ಪ್ರತಿಯೊಬ್ಬರಿಗೂ ಅದರಲ್ಲಿ ಎರಡು ಪುಟ. ಮೊದಲ ಪುಟದಲ್ಲಿ ಹೆಸರು, ರೆಜಿಮೆಂಟು, ಸೇರಿದ ಮತ್ತು ನಿವೃತ್ತರಾದ ವರ್ಷ, ಇದ್ದ ಜಾಗಗಳು. ಎರಡನೇ ಪುಟದಲ್ಲಿ ಜೊತೆಗಿದ್ದವರ ಹೆಸರು, ಊರು, ಅವರಲ್ಲಿ ತೀರಿಕೊಂಡವರು ಯಾರು, ಅವರ ಬಗ್ಗೆ ಇವರಿಗೆ ನೆನಪಿರುವ ಒಂದೆರಡು ಮಾತು. ಹಳೆ ಫೋಟೋ ಇದ್ದರೆ ಮೊಬೈಲಿನಲ್ಲಿ ತೆಗೆದು, ಹಿಂದೆ ಬರೆದಿದ್ದರೆ ಅದನ್ನೂ ತೆಗೆದು, ಪ್ರಿಂಟ್ ಅಂಟಿಸಿ.

ಮೂರನೆಯದು ಮನೆಯವರ ಕೆಲಸ. ಅಪ್ಪ ಅಥವಾ ಅಜ್ಜ ತೀರಿಕೊಂಡರೆ ಯಾರಿಗೆಲ್ಲ ಹೇಳಬೇಕು ಅನ್ನುವ ಪಟ್ಟಿಯನ್ನು ಅವರಿಂದಲೇ ಕೇಳಿ ಬರೆದು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಡಿ. ಕೇಳಲು ಸಂಕೋಚ ಆಗುತ್ತದೆ, ನಿಜ. ಆದರೆ ಸಾವನ್ನು ಹತ್ತಿರದಿಂದ ಕಂಡ ಇವರು ಇಂಥ ಪ್ರಶ್ನೆಗೆ ನಮ್ಮಷ್ಟು ಹೆದರುವುದಿಲ್ಲ.

ಸ್ನೇಹಿತರನ್ನು ಹುಡುಕಲು ದಾರಿಗಳಿವೆ. ಶಿವಮೊಗ್ಗದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಪ್ರತಿ ರೆಜಿಮೆಂಟಿಗೂ ರೆಕಾರ್ಡ್ಸ್ ಕಚೇರಿ ಇರುತ್ತದೆ. ಮದ್ರಾಸ್ ಇಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ. ಕಾಗದ ಬರೆಯುವುದು ಮೊಮ್ಮಕ್ಕಳು ಮಾಡಬಹುದಾದ ಕೆಲಸ. ಒಂದು ಎಚ್ಚರಿಕೆ: ಸರ್ವಿಸ್ ನಂಬರು, ಪಿಂಚಣಿ ಕಾಗದ, ಆಧಾರ್ ಫೋಟೋಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹಾಕಬೇಡಿ. ಪಿಂಚಣಿದಾರರನ್ನು ಮೋಸ ಮಾಡಲು ಕಾದು ಕೂತವರಿದ್ದಾರೆ. ಹೆಸರು, ಊರು, ಹಳೆ ಫೋಟೋ ಇಷ್ಟು ಸಾಕು.

ಎಲ್ಲರೂ ಮಾತಾಡುವುದಿಲ್ಲ. ಒತ್ತಾಯ ಬೇಡ. "ಎಷ್ಟು ಜನರನ್ನ ಹೊಡೆದ್ರಿ?" ಅಂತ ಕೇಳಲೇಬೇಡಿ. "ನಿಮ್ಮ ಜೊತೆ ಯಾರ‍್ಯಾರು ಇದ್ರು?" ಅಂತ ಕೇಳಿ ನೋಡಿ. ಯುದ್ಧದ ಮಾತು ಬೇಡ ಅನ್ನುವವರು ಸ್ನೇಹಿತರ ಮಾತು ಬಂದರೆ ಬಾಯಿ ಬಿಡುವುದನ್ನು ನಾವು ಕಂಡಿದ್ದೇವೆ.

2022ರಲ್ಲಿ ಶುರುವಾದ ಅಗ್ನಿಪಥದಲ್ಲಿ ಸೇರಿದ ಹುಡುಗರ ಬಗ್ಗೆಯೂ ಒಂದು ಮಾತು. ನಾಲ್ಕು ವರ್ಷ ಮುಗಿದ ಮೇಲೆ ಕಾಯಂ ಆಗುವುದು ಹೆಚ್ಚೆಂದರೆ ನೂರಕ್ಕೆ 25 ಜನ. ಉಳಿದವರು ಪಿಂಚಣಿ ಇಲ್ಲದೆ ಊರಿಗೆ ಬರುತ್ತಾರೆ. ಆ ನೋಟ್‌ಬುಕ್ಕಿನಲ್ಲಿ ಅವರಿಗೂ ಎರಡು ಪುಟ ಇರಲಿ.

2023ರ ಆಗಸ್ಟ್‌ನಲ್ಲಿ 'ನನ್ನ ಮಣ್ಣು ನನ್ನ ದೇಶ' ಅಭಿಯಾನದಲ್ಲಿ ಪಂಚಾಯಿತಿಗಳಲ್ಲಿ ಶಿಲಾಫಲಕ ನಿಲ್ಲಿಸುವ ಕಾರ್ಯಕ್ರಮ ನಡೆಯಿತು. ನಿಮ್ಮೂರಿನಲ್ಲಿ ಅದು ಇದ್ದರೆ ಹೋಗಿ ಓದಿ. ಯಾರ ಹೆಸರಿದೆ, ಯಾರದ್ದು ಬಿಟ್ಟುಹೋಗಿದೆ ಅಂತ ಊರಿನ ಹಿರಿಯ ಸೈನಿಕರನ್ನೇ ಕೇಳಿ. ಬಿಟ್ಟುಹೋಗಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಹೇಳಿ.

ನಮ್ಮ ಅಜ್ಜಯ್ಯ ಆಮೇಲೆ ಸುಮ್ಮನೆ ಕೂರಲಿಲ್ಲ. ಮಳೆ ಬಿಟ್ಟ ಮೇಲೆ ಫೋಟೋವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ತೀರ್ಥಹಳ್ಳಿ ಬಸ್ ಹತ್ತಿದರು. ಸ್ನೇಹಿತನ ಮನೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗ ಇದ್ದ. ಅಜ್ಜ ಯುದ್ಧಕ್ಕೆ ಹೋಗಿದ್ದರು ಅಂತಷ್ಟೇ ಅವನಿಗೆ ಗೊತ್ತಿತ್ತು. ಎಲ್ಲಿಗೆ, ಯಾರ ಜೊತೆ ಅಂತ ಗೊತ್ತಿರಲಿಲ್ಲ. ಮಧ್ಯಾಹ್ನ ಊಟದಿಂದ ಸಂಜೆ ಕೊನೆ ಬಸ್ಸಿನವರೆಗೆ ಅಜ್ಜಯ್ಯ ಹೇಳುತ್ತಾ ಹೋದರು, ಅವನು ಬರೆದುಕೊಂಡ.

ಮಧುರೆ ಕಡೆಯ ಆ ಸ್ನೇಹಿತನ ಊರು ಯಾವುದು ಅಂತ ಈಗ ಆ ಹುಡುಗ ಹುಡುಕುತ್ತಿದ್ದಾನೆ. ಅಜ್ಜಯ್ಯ ಹತ್ತು ರೂಪಾಯಿ ಎತ್ತಿಟ್ಟಿದ್ದಾರೆ.

ನಿಮ್ಮ ಊರಿನಲ್ಲೂ ಒಂದು ಕಪ್ಪು ಟ್ರಂಕು ಇರಬಹುದು. ಈ ಭಾನುವಾರ ಹೋಗಿ ಕೇಳಿ.