ಮಣಿಕಟ್ಟೂ ಕೈಗಡಿಯಾರವೂ

ಗಾಂಧಿಬಜಾರಿನಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು, ತರುಣ ತರುಣಿಯರ ಮಣಿಕಟ್ಟುಗಳಲ್ಲಿ ಸ್ಮಾರ್ಟ್‌ವಾಚುಗಳು ಹೊಳೆಯುತ್ತಿರುತ್ತವೆ. ಗಡಿಯಾರಕ್ಕೆ ಜಾಣತನ ಬಂದಿತು, ಒಪ್ಪಿದೆ; ಆದರೆ ಅದು ಕೈಗೆ ಒಗ್ಗಿತೇ?

೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ನಮ್ಮೂರಿನಲ್ಲಿಯೇ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಆ ಸಂಸ್ಥೆ ಅಂಧರಿಗಾಗಿ ಬ್ರೈಲ್ ಗಡಿಯಾರವನ್ನೂ ಮಾಡಿತು. ಮುಚ್ಚಳ ತೆರೆದು, ಮುಳ್ಳುಗಳನ್ನೂ ಉಬ್ಬುಚುಕ್ಕೆಗಳನ್ನೂ ಬೆರಳಿನಿಂದ ತಡವಿ ಹೊತ್ತನ್ನು ತಿಳಿಯಬಹುದಾಗಿತ್ತು. ಧರಿಸುವವರ ಬೆರಳನ್ನು ಮೊದಲು ನೆನೆದು, ಯಂತ್ರವನ್ನು ಆಮೇಲೆ ರೂಪಿಸಿದ ಕೆಲಸವದು. (೨೦೧೬ರಲ್ಲಿ ಸರ್ಕಾರ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು; ಆ ದುಃಖದ ಮಾತು ಬೇರೆ.)

ಸ್ಮಾರ್ಟ್‌ವಾಚಿನದು ಇನ್ನೂ ನಾಜೂಕಿನ ವಿಷಯ. ಅದು ಹಸಿರು ಬೆಳಕನ್ನು ಚರ್ಮದೊಳಕ್ಕೆ ಹಾಯಿಸಿ, ರಕ್ತ ಹೀರಿ ಉಳಿದು ಮರಳುವ ಬೆಳಕಿನ ಏರಿಳಿತದಿಂದ ನಾಡಿಯನ್ನು ಎಣಿಸುತ್ತದೆ. ಆದುದರಿಂದ ಚರ್ಮಕ್ಕೆ ಅಂಟಿ ಕೂರಲೇಬೇಕು. ನಾಲ್ಕು ಸೆಂಟಿಮೀಟರಿಗೂ ಮಿಕ್ಕ ಬಿಲ್ಲೆ ಸಣ್ಣ ಮಣಿಕಟ್ಟಿನ ಮೇಲೆ ಕೂರುವುದೆಂತು? ಅಂಚು ಎದ್ದರೆ ಹೊರಬೆಳಕು ನುಸುಳಿ ಲೆಕ್ಕ ತಪ್ಪುತ್ತದೆ. ಪಟ್ಟಿ ಬಿಗಿದರೆ ಬೆವರು, ತುರಿಕೆ. ನಮ್ಮ ಸಹಪಾಠಿನಿಯರಲ್ಲಿ ಅನೇಕರ ಪಾಡು ಇದೇ.

ದುಬಾರಿ ಮಾದರಿಗಳು ಎರಡು ಅಳತೆಗಳಲ್ಲಿ ದೊರೆಯುವುದುಂಟು. ವಿದ್ಯಾರ್ಥಿಗಳು ಕೊಳ್ಳಬಲ್ಲ ಅಗ್ಗದವು ಬಹುಮಟ್ಟಿಗೆ ಒಂದೇ ಅಳತೆಯವು. ಚಪ್ಪಲಿ ಕೊಡುವ ಮುನ್ನ ಪಾದವನ್ನು ಅಳೆಯುವ ಅಂಗಡಿಯವರು, ನಾಡಿ ನೋಡುವ ಯಂತ್ರ ಮಾರುವಾಗ ಮಣಿಕಟ್ಟನ್ನು ಏಕೆ ಅಳೆಯಬಾರದು?