ಗುಡ್ಡ ಹತ್ತುವವರ ಕೈಗೆ ಫೋನೋ, ಜಿ.ಪಿ.ಎಸ್. ಯಂತ್ರವೋ?

ಮಳೆಗಾಲ ಹತ್ತಿರ ಬಂದಿತೆಂದರೆ ಸಂಘದ ಕಚೇರಿಯ ಜಗಲಿಯಲ್ಲಿ ಸುಣ್ಣ, ಮೈಲುತುತ್ತಗಳ ದರದ ಮಾತು ನಡೆಯುವುದು ವಾಡಿಕೆ. ಈಚೆಗೆ ಅದರ ನಡುವೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಗುಡ್ಡದ ಮೇಲಿನ ಒರತೆಯಿಂದ ತೋಟಕ್ಕೆ ಎಳೆದ ಪೈಪು ನೋಡಿಬರಲು ಹೋಗುವವರು, ತಪ್ಪಿಸಿಕೊಂಡ ದನ ಹುಡುಕುವವರು, ಹೋಂಸ್ಟೇಗೆ ಬಂದವರನ್ನು ಬೆಟ್ಟ ತೋರಿಸಲು ಕರೆದೊಯ್ಯುವವರು ದಾರಿ ತಿಳಿಯಲೆಂದೇ ಬೇರೆ ಜಿ.ಪಿ.ಎಸ್. ಯಂತ್ರ ಕೊಳ್ಳಬೇಕೇ, ಕಿಸೆಯಲ್ಲಿರುವ ಸ್ಮಾರ್ಟ್‌ಫೋನೇ ಸಾಕೇ? ಸದಸ್ಯರ ಹಣದ ವಿಷಯವಾದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಬೆಳೆಗಾರನೊಬ್ಬ ಸ್ವಂತಕ್ಕೆ ಯಂತ್ರ ಕೊಳ್ಳುವ ಅಗತ್ಯವಿಲ್ಲ. ಆದರೆ ಊರಿನಲ್ಲಿ ಒಂದೆರಡು ಇರಲೇಬೇಕು. ಅವನ್ನು ಸಂಘವೇ ಕೊಳ್ಳಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕಾಗಿದೆ. "ಟವರ್ ಸಿಗದ ಕಡೆ ಫೋನಿನ ಜಿ.ಪಿ.ಎಸ್. ನಡೆಯುವುದಿಲ್ಲ" ಎಂದು ನಮ್ಮಲ್ಲಿ ತಿಳಿದವರೇ ಹೇಳುವುದುಂಟು. ಇದು ಸರಿಯಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಹಗಲು ರಾತ್ರಿ ಸಂಕೇತ ಬಿತ್ತರಿಸುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಕಿವಿಗೆ ಬಿದ್ದರೆ ಫೋನು ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಆಕಾಶವಾಣಿ ಕೇಳಲು ರೇಡಿಯೋಗೆ ಟೆಲಿಫೋನ್ ತಂತಿ ಬೇಡವಷ್ಟೆ? ಇದೂ ಹಾಗೆಯೇ, ಸಿಮ್ ಕೂಡ ಬೇಕಿಲ್ಲ. ಟವರ್ ಇದ್ದರೆ ಉಪಗ್ರಹಗಳ ವಿವರ ಬೇಗ ಸಿಕ್ಕಿ ಜಾಗ ಕೂಡಲೇ ತಿಳಿಯುತ್ತದೆ. ಇಲ್ಲದಿದ್ದರೆ ಬಯಲಲ್ಲಿ ಕೆಲವು ನಿಮಿಷ ತಾಳ್ಮೆಯಿಂದ ನಿಲ್ಲಬೇಕಾಗುತ್ತದೆ, ಅಷ್ಟೆ.

ಈ ವ್ಯವಸ್ಥೆ ಅಮೆರಿಕದ ಸೇನೆಯದು. 1983ರಲ್ಲಿ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತ ಮೇಲೆ, ಇದನ್ನು ಜನಸಾಮಾನ್ಯರಿಗೂ ತೆರೆಯುವುದಾಗಿ ಆ ದೇಶ ಸಾರಿತು. ಆದರೂ 2000ದ ಮೇ ತಿಂಗಳವರೆಗೆ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿದ್ದರು. ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. ಆ ದಿನಗಳ ಯಂತ್ರ ನೋಡಿ "ಇದೆಲ್ಲ ನಂಬುವಂಥದಲ್ಲ" ಎಂದ ಹಿರಿಯರ ಮಾತು ಈಗ ಸಲ್ಲದು.

ಹಾಗಾದರೆ ಫೋನು ಕಾಡಿನಲ್ಲಿ ಕೈಕೊಡುವುದು ಎಲ್ಲಿ? ಜಾಗ ತಿಳಿಯುವುದು ಬೇರೆ, ನಕ್ಷೆ ಇರುವುದು ಬೇರೆ. ನಕ್ಷೆಯನ್ನು ಫೋನು ಇಂಟರ್‌ನೆಟ್‌ನಿಂದ ಆಗಾಗಲೇ ತರಿಸಿಕೊಳ್ಳುತ್ತದೆ. ಟವರ್ ಹೋದರೆ ನೀಲಿ ಚುಕ್ಕೆಯೊಂದು ಖಾಲಿ ಹಾಳೆಯ ಮೇಲೆ ಕುಳಿತಿರುತ್ತದೆ. ಆದ್ದರಿಂದ ಮನೆಯಲ್ಲಿದ್ದಾಗಲೇ ನಮ್ಮ ಕಡೆಯ ನಕ್ಷೆಯನ್ನು ಇಳಿಸಿಟ್ಟುಕೊಳ್ಳಬೇಕು. ಗೂಗಲ್ ನಕ್ಷೆ ವಾಹನದ ರಸ್ತೆಗೆ ಒಳ್ಳೆಯದು, ಕಾಲುದಾರಿಗೆ ಸಾಲದು. ಆರ್ಗ್ಯಾನಿಕ್ ಮ್ಯಾಪ್ಸ್, ಆಸ್‌ಮ್ಯಾಂಡ್ ಎಂಬ ಆ್ಯಪ್‌ಗಳು ಜನರೇ ಸೇರಿ ಬರೆದ ಓಪನ್ ಸ್ಟ್ರೀಟ್ ಮ್ಯಾಪ್ ನಕ್ಷೆಯನ್ನು ಬಳಸುತ್ತವೆ. ಅದರಲ್ಲಿ ಯಾರಾದರೂ ನಡೆದು ಗುರುತಿಸಿದ ದಾರಿ ಮಾತ್ರ ಇರುತ್ತದೆ. ನಮ್ಮ ಹಿಂದಿನ ಗುಡ್ಡದ ದಾರಿ ಇಲ್ಲದಿದ್ದರೆ ಬೇಸಗೆಯಲ್ಲಿ ಒಮ್ಮೆ ನಡೆದು, ನಡೆದ ದಾರಿಯನ್ನು ಫೋನಿನಲ್ಲಿ ದಾಖಲು ಮಾಡಿಕೊಳ್ಳಬೇಕು. ಮಂಜು ಮುಚ್ಚಿದ ದಿನ ಆ ಗೆರೆಯೇ ದಾರಿ.

ಇಲ್ಲಿ ಒಂದು ತೊಡಕಿದೆ. ಬ್ಯಾಟರಿ ಉಳಿಸುವ ನೆಪದಲ್ಲಿ ಅನೇಕ ಫೋನುಗಳು ಹಿಂದೆ ನಡೆಯುತ್ತಿರುವ ಆ್ಯಪ್‌ಗಳನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. ಎರಡು ಗಂಟೆ ನಡೆದು ನೋಡಿದರೆ ಗೆರೆ ಅರ್ಧ ಗಂಟೆಗೇ ನಿಂತಿರುತ್ತದೆ. ದಾರಿ ದಾಖಲಿಸುವ ಆ್ಯಪ್‌ಗೆ ಈ ಉಳಿತಾಯದಿಂದ ವಿನಾಯಿತಿ ಕೊಡಬೇಕು. ಮನೆಯ ಹುಡುಗರಿಗೆ ಹೇಳಿದರೆ ಮಾಡಿಕೊಡುತ್ತಾರೆ. ಹಾಗೆಯೇ ಟವರ್ ಇಲ್ಲದ ಕಡೆ ಫೋನು ಟವರನ್ನು ಹುಡುಕುತ್ತಲೇ ಬ್ಯಾಟರಿ ತಿಂದುಹಾಕುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿದರೆ ಹುಡುಕಾಟ ನಿಲ್ಲುತ್ತದೆ, ಜಿ.ಪಿ.ಎಸ್. ಮಾತ್ರ ನಡೆಯುತ್ತಿರುತ್ತದೆ. ನಂಬಿಕೆ ಬಾರದವರು ತಮ್ಮ ತೋಟದಲ್ಲೇ ಪರೀಕ್ಷಿಸಿ ನೋಡಬಹುದು.

ಇಷ್ಟನ್ನು ಮಾಡಿಕೊಂಡು, ಜೊತೆಗೊಂದು ಪವರ್ ಬ್ಯಾಂಕ್ ಇಟ್ಟುಕೊಂಡರೆ ವರ್ಷದ ಎಂಟು ತಿಂಗಳು ಫೋನೇ ಧಾರಾಳ ಸಾಕು. ಉಳಿದ ನಾಲ್ಕು ತಿಂಗಳ ಮಾತು ಬೇರೆ. ಆರಿದ್ರೆ, ಪುಷ್ಯದ ಮಳೆಯಲ್ಲಿ ಒದ್ದೆ ಗಾಜಿನ ಮೇಲೆ ಒದ್ದೆ ಬೆರಳಿಟ್ಟರೆ ಫೋನು ಒಂದನ್ನು ಕೇಳಿದರೆ ಇನ್ನೊಂದನ್ನು ತೆರೆಯುತ್ತದೆ. ಉಂಬಳ ಕೀಳಲು ಸುಣ್ಣ ಹಚ್ಚಿದ ಕೈಯಾದರಂತೂ ಹೇಳುವುದೇ ಬೇಡ. ಬಂಡೆಯ ಮೇಲೆ ಒಮ್ಮೆ ಬಿದ್ದರೆ ನಕ್ಷೆಯೂ ಹೋಯಿತು, ಟಾರ್ಚೂ ಹೋಯಿತು, ಮನೆಗೆ ಹೇಳುವ ದಾರಿಯೂ ಹೋಯಿತು.

ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತೇವೆ, ಸೌದೆ ಸೀಳುವುದಿಲ್ಲ. ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಯಂತ್ರವೂ ಅಂಥ ಒಂದೇ ಕೆಲಸದ ಸಾಧನ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಮಾದರಿಯವುಗಳಲ್ಲಿ ಗುಂಡಿ ಒತ್ತಿ ಕೆಲಸ ಮಾಡಿಸುತ್ತಾರೆ. ಮಳೆ, ಕೆಸರು ತಾಗುವುದಿಲ್ಲ, ಬಿಸಿಲಲ್ಲೂ ಪರದೆ ಓದಬಹುದು. ಗಡಿಯಾರಕ್ಕೆ, ಟಾರ್ಚಿಗೆ ಹಾಕುವ ಎರಡು ಪೆನ್ಸಿಲ್ ಸೆಲ್‌ಗಳಲ್ಲಿ, ಇಟ್ರೆಕ್ಸ್ 10ರಂಥ ಮಾದರಿ 20ರಿಂದ 25 ಗಂಟೆ ನಡೆಯುತ್ತದೆ. ಸೆಲ್ ಮುಗಿದರೆ ಕಿರಾಣಿ ಅಂಗಡಿಯಲ್ಲಿ ಇನ್ನೆರಡು ಸಿಗುತ್ತವೆ. ಇದರ ಕುಂದುಗಳೂ ಕಡಿಮೆಯಲ್ಲ. ಪರದೆ ಚಿಕ್ಕದು, ಒಳಗಿರುವ ನಕ್ಷೆ ನಮ್ಮ ಕಡೆಗೆ ಬರಿದೋ ಬರಿದು, ಬೇರೆ ನಕ್ಷೆ ತುಂಬಬೇಕು, ಆರು ತಿಂಗಳು ಮುಟ್ಟದಿದ್ದರೆ ಯಾವ ಗುಂಡಿ ಯಾವುದಕ್ಕೆಂದು ಮರೆತೇಹೋಗುತ್ತದೆ. ಬೆಲೆಯೋ, ಆ ಹಣಕ್ಕೆ ಇನ್ನೊಂದು ಫೋನೇ ಬರುತ್ತದೆ. ವರ್ಷಕ್ಕೆ ನಾಲ್ಕು ದಿನದ ಬಳಕೆಗೆ ಒಂದೆರಡು ಎಕರೆಯವರು ಇಷ್ಟು ಖರ್ಚು ಮಾಡುವುದು ನನಗೆ ಸರಿಕಾಣದು.

ಆ ನಾಲ್ಕು ದಿನ ಯಾವುವೆಂಬುದೇ ಮುಖ್ಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ರಸ್ತೆ, ತೋಟ, ಮನೆ ಕೊಚ್ಚಿಹೋದವು. ಅಂಥ ಸಮಯದಲ್ಲಿ ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ, ಚಾರ್ಜ್ ಮಾಡದ ಫೋನು ಎರಡನೆಯ ದಿನಕ್ಕೆ ಸುಮ್ಮನಾಗುತ್ತದೆ. ಹುಟ್ಟಿ ಬೆಳೆದ ಊರಿನವನಿಗೂ ಗುರುತಿನ ಮರ, ಕಲ್ಲು, ತಿರುವು ಸಿಗದೆಹೋಗುತ್ತದೆ. ಯಾರನ್ನಾದರೂ ಹುಡುಕಿಕೊಂಡು ಹೋಗಬೇಕಾದವರಿಗೆ ಆಗ ಸೆಲ್ ಹಾಕಿ ನಡೆಸುವ ಯಂತ್ರ ಬೇಕು, ಅದರಲ್ಲಿ ಊರಿನ ಮನೆಗಳ, ಕಾಲುಸಂಕಗಳ, ನೀರಿನ ಮೂಲಗಳ ಗುರುತು ಮೊದಲೇ ತುಂಬಿರಬೇಕು.

ಗುರುತು ಹೇಳುವ ಕ್ರಮದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. 112ಕ್ಕೆ ಕರೆಮಾಡಿ ಅಕ್ಷಾಂಶ ಹೇಳುವಾಗ 12.45 ಡಿಗ್ರಿ ಎಂಬುದೂ 12 ಡಿಗ್ರಿ 45 ನಿಮಿಷ ಎಂಬುದೂ ಒಂದೇ ಅಲ್ಲ. ಮೊದಲನೆಯದೆಂದರೆ 12 ಡಿಗ್ರಿ 27 ನಿಮಿಷ. ಎರಡರ ನಡುವೆ 33 ಕಿಲೋಮೀಟರ್ ಅಂತರ! ಹುಡುಕುವವರು ಬೇರೆ ತಾಲ್ಲೂಕಿನ ಕಾಡು ಹೊಕ್ಕಾರು. ಫೋನೂ ಯಂತ್ರವೂ ಒಂದೇ ಕ್ರಮದಲ್ಲಿ ಅಂಕಿ ತೋರಿಸುವಂತೆ ಇಟ್ಟುಕೊಂಡು, ಪರದೆಯಲ್ಲಿದ್ದಂತೆಯೇ ಬಿಂದು, ಡಿಗ್ರಿ ಬಿಡದೆ ಓದಿ ಹೇಳಬೇಕು.

ಜಾಗದ ತಕರಾರಿರುವ ಕೆಲವರಿಗೆ ಈ ಯಂತ್ರದ ಮೇಲೆ ಬೇರೆಯೇ ಆಸೆಯಿದೆ, ಬೇಲಿಯ ಗಡಿ ತೀರ್ಮಾನಿಸಿಕೊಳ್ಳುವುದು. ಆ ಆಸೆ ಬಿಡುವುದು ಒಳ್ಳೆಯದು. ತೆರೆದ ಆಕಾಶದ ಕೆಳಗೇ ಫೋನಿನ ಲೆಕ್ಕದಲ್ಲಿ ಸುಮಾರು 5 ಮೀಟರ್ ಆಚೀಚೆಯಾಗುವುದು ಸಹಜ. ಯಂತ್ರವೂ ಹೆಚ್ಚುಕಡಿಮೆ ಅದೇ. ಒದ್ದೆ ಎಲೆಗಳ ಕೆಳಗೆ, ಇಕ್ಕಟ್ಟಾದ ಕಣಿವೆಯಲ್ಲಿ ಇನ್ನೂ ಹೆಚ್ಚು. ಚೌಕವಾದ ಒಂದು ಎಕರೆಯ ಒಂದು ಬದಿ 209 ಅಡಿ. ಆ ಗೆರೆ 5 ಮೀಟರ್ ಒಳಗೆ ಸರಿದರೆ ಮೂರು ಗುಂಟೆ ಹೋಯಿತು, ಅದರೊಂದಿಗೆ ಒಂದೆರಡು ಸಾಲು ಅಡಿಕೆ ಮರ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ನೋಡಿ ಅಂದಾಜು ತಿಳಿಯಬಹುದು, ನೆರೆಯವರೊಡನೆ ಜಗಳಕ್ಕೆ ಅದು ಆಧಾರವಾಗದು. ಹದ್ದುಬಸ್ತಿಗೆ ಅರ್ಜಿ ಹಾಕುವುದೇ ಸರಿಯಾದ ಮಾರ್ಗ.

ವಿದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ಉಡುಗೊರೆ ತರುತ್ತಾರೆ. ಗಾರ್ಮಿನ್‌ನ ಇನ್‌ರೀಚ್ ಎಂಬ ಮಾದರಿಗಳು ನೋಡಲು ಜಿ.ಪಿ.ಎಸ್. ಯಂತ್ರದಂತೆಯೇ ಇದ್ದರೂ ಉಪಗ್ರಹದ ಮೂಲಕ ಸಂದೇಶ ಕಳುಹಿಸುತ್ತವೆ. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರನ್ನು ಇದಕ್ಕಾಗಿಯೇ ಪೊಲೀಸರು ಹಿಡಿದರು. ಕಾಡಿನ ಅಂಚಿನಲ್ಲಿರುವ ನಾವು ಇದರಲ್ಲಿ ಇನ್ನೂ ಜಾಗರೂಕರಾಗಿರಬೇಕು. ಮಕ್ಕಳಿಗೆ ಮೊದಲೇ ತಿಳಿಸಿ. ಬರೇ ಸಂಕೇತ ಕೇಳಿಸಿಕೊಳ್ಳುವ ಯಂತ್ರಕ್ಕೆ ಈ ತೊಂದರೆಯಿಲ್ಲ, ಅಂಗಡಿಯಲ್ಲೇ ಸಿಗುತ್ತದೆ.

ಈ ಎಲ್ಲ ಕಾರಣಗಳಿಂದ, ಸಂಘವು ಎರಡು ಯಂತ್ರಗಳನ್ನು ಕೊಂಡು, ಔಷಧಿ ಸಿಂಪಡಿಸುವ ಪಂಪನ್ನು ಬಾಡಿಗೆಗೆ ಕೊಡುವಂತೆ ಸದಸ್ಯರಿಗೆ ಕೊಡುವ ಏರ್ಪಾಡು ಮಾಡಬೇಕೆಂದು ಬರುವ ಮಹಾಸಭೆಯಲ್ಲಿ ಸೂಚಿಸಬೇಕೆಂದಿದ್ದೇನೆ. ಬೇಸಗೆಯಲ್ಲಿ ಪ್ರತಿ ವಾರ್ಡಿನಿಂದ ಇಬ್ಬರು ಯುವಕ ಯುವತಿಯರು ಅವನ್ನು ಹಿಡಿದು ಊರು ಸುತ್ತಿ ಗುರುತು ತುಂಬಲಿ. ಮೀಸಲು ಅರಣ್ಯದೊಳಗೆ ಹೋಗುವುದಾದರೆ ಇಲಾಖೆಯ ಅನುಮತಿ ಪಡೆದೇ ಹೋಗಲಿ. ಕಪಾಟಿನಲ್ಲಿ ಇಡುವಾಗ ಸೆಲ್ ತೆಗೆದಿಡಬೇಕು, ಇಲ್ಲವಾದರೆ ಸೋರಿ ಒಳಗಿನ ತಗಡು ತುಕ್ಕು ಹಿಡಿಯುತ್ತದೆ. ಕಪಾಟಿನ ಬೀಗದ ಕೈ ಕಾರ್ಯದರ್ಶಿಯವರೊಬ್ಬರ ಬಳಿಯೇ ಇದ್ದರೆ ಸಾಲದು. ಹಳ್ಳದ ಆಚೆಬದಿಯ ಸದಸ್ಯರೊಬ್ಬರ ಮನೆಯಲ್ಲಿ ಒಂದು ಯಂತ್ರವೂ, ಎಂಟು ಹೊಸ ಸೆಲ್‌ಗಳೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಬೇಕು. ಸಂಕ ಮುಳುಗಿದ ದಿನ ಆ ಕಡೆಯವರು ಕಚೇರಿಗೆ ಬರಲಾರರು.